ಮಡ್ಡಿಗೆ ಕಬ್ಬು ಏರಿಸುವ ಮೊದಲು ಗಿಡದ ಲೆಕ್ಕ ಹಾಕ್ರಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಈ ಐದು ತಾಲ್ಲೂಕಿನಲ್ಲಿ ಹೊಳೆ ದಂಡೆಯ ಹೊಲಕ್ಕೆ ಒಂದು ಮಾತು, ಮಡ್ಡಿ ಹೊಲಕ್ಕೆ ಇನ್ನೊಂದು ಮಾತು. ಹೊಳೆ ದಂಡೆಯ ಹೊಲ ಇದ್ದವನಿಗೆ "ಎಕರೆಕ ಎಷ್ಟ ಟನ್ ಬಿತ್ತು?" ಅಂತ ಕೇಳುತ್ತಾರೆ. ಮಡ್ಡಿ ಇದ್ದವನಿಗೆ "ಯಾವಾಗ ಮಾರ್ತಿ?" ಅಂತ ಕೇಳುತ್ತಾರೆ.

ಇತ್ತೀಚಿನ ವರ್ಷಗಳಲ್ಲಿ ಮಡ್ಡಿಗೂ ಬೆಲೆ ಬಂದಿದೆ, ಆದರೆ ಮೂರೇ ದಾರಿಯಲ್ಲಿ. ಒಂದು, ಜೆಸಿಬಿ ಹಚ್ಚಿ ಗರಸು ಮಾರುವುದು. ಎರಡು, ಪ್ಲಾಟ್ ಮಾಡುವುದು. ಮೂರು, ಹೊಳೆಯಿಂದಲೋ ಕೆಳಗಿನ ಬಾವಿಯಿಂದಲೋ ಎರಡು-ಮೂರು ಕಿಲೋಮೀಟರ್ ಪೈಪ್‌ಲೈನ್ ಎಳೆದು ಕಬ್ಬು ಏರಿಸುವುದು. ನಮ್ಮ ವಯಸ್ಸಿನ ಹುಡುಗರು ಹೆಚ್ಚಾಗಿ ಸಾಲ ಮಾಡುತ್ತಿರುವುದು ಈ ಮೂರನೆಯದಕ್ಕೆ.

ನಾನು ತೋಟಗಾರಿಕೆ ಪದವಿ ಮುಗಿಸಿ ಚಿಕ್ಕೋಡಿ ತಾಲ್ಲೂಕಿನಲ್ಲಿ ಸಾವಯವ ಬೇಸಾಯ ಮಾಡುವವನು. ನಮ್ಮ ಮನೆತನಕ್ಕೂ ಎರಡು ಎಕರೆ ಮಡ್ಡಿ ಇದೆ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಮಡ್ಡಿಗೆ ತಕ್ಕದ್ದು ಕಬ್ಬಲ್ಲ, ಕೃಷಿ ಅರಣ್ಯ. ಹೊಲ ಬಿಟ್ಟು ಕಾಡು ಮಾಡ್ರಿ ಅನ್ನುತ್ತಿಲ್ಲ. ಬೆಳೆ, ಹಣ್ಣಿನ ಗಿಡ, ಕಟ್ಟಿಗೆ ಮರ, ಮೇವು ಎಲ್ಲವೂ ಒಂದೇ ಹೊಲದಲ್ಲಿ, ಒಂದಕ್ಕೊಂದು ಆಸರೆಯಾಗಿ ಇರುವ ಪದ್ಧತಿ ಅದು.

ಮಡ್ಡಿ ಮೊದಲಿನಿಂದ ಹೀಗಿರಲಿಲ್ಲ

ಇವತ್ತು ಬೋಳಾಗಿ ಕಾಣುವ ಮಡ್ಡಿ ಹುಟ್ಟಿನಿಂದ ಬೋಳಲ್ಲ. ಬನ್ನಿ, ಜಾಲಿ, ಬೇವು, ಕಕ್ಕೆ, ಸೀತಾಫಲ ಇದ್ದ ಕುರುಚಲು ಕಾಡು ಅದು. ಉರುವಲಿಗೆ ಕಡಿದೆವು, ವರ್ಷವಿಡೀ ಮೇಯಿಸಿದೆವು, ಇಳಿಜಾರಿನ ಉದ್ದಕ್ಕೇ ನೇಗಿಲು ಹೊಡೆದೆವು. ಮರದ ಬೇರು ಹೋದ ಮೇಲೆ ಮಣ್ಣು ಹಿಡಿಯುವವರು ಯಾರೂ ಉಳಿಯಲಿಲ್ಲ. ಈಗ ಮೇಲೆ ಒಂದು ಗೇಣು ಮಣ್ಣು, ಕೆಳಗೆ ಗರಸು.

ಕೃಷಿ ಹವಾಮಾನ ವಲಯದ ಪ್ರಕಾರ ಅಥಣಿ, ರಾಯಬಾಗ ಕಡೆಯ ಭಾಗ ಉತ್ತರ ಒಣ ವಲಯಕ್ಕೆ ಸೇರುತ್ತದೆ. ಅಥಣಿ ಕಡೆ ವರ್ಷದ ಮಳೆ ಸುಮಾರು 500ರಿಂದ 600 ಮಿಲಿಮೀಟರ್. ನಿಪ್ಪಾಣಿ, ಚಿಕ್ಕೋಡಿ ಕಡೆಗೆ ಬಂದಂತೆ ಮಳೆ ಹೆಚ್ಚುತ್ತದೆ. ಆದರೆ ಮಳೆ ಎಷ್ಟು ಬಿತ್ತು ಅನ್ನುವುದಕ್ಕಿಂತ ಹೇಗೆ ಬಿತ್ತು ಅನ್ನುವುದು ಮುಖ್ಯ. ಹಿಂಗಾರಿ ಮಳೆ ಒಂದೆರಡು ತಾಸಿನಲ್ಲಿ ಧೋ ಅಂತ ಸುರಿದರೆ ಬೋಳು ಮಡ್ಡಿಯ ಮೇಲೆ ಅದು ನಿಲ್ಲುವುದಿಲ್ಲ, ಇದ್ದ ಮಣ್ಣನ್ನೂ ಹಳ್ಳಕ್ಕೆ ಒಯ್ಯುತ್ತದೆ.

ನೀರಿನ ಲೆಕ್ಕ

ಮೊಬೈಲ್ ಕ್ಯಾಲ್ಕುಲೇಟರ್ ತೆಗೀರಿ. ಒಂದು ಎಕರೆ ಅಂದರೆ 4,047 ಚದರ ಮೀಟರ್. ಅದರ ಮೇಲೆ 1 ಮಿಲಿಮೀಟರ್ ನೀರು ನಿಂತರೆ 4,047 ಲೀಟರ್. ಕಬ್ಬಿಗೆ ಬೆಳೆ ಮುಗಿಯುವ ತನಕ 1,500ರಿಂದ 2,500 ಮಿಲಿಮೀಟರ್ ನೀರು ಬೇಕು. ಕಡಿಮೆಯದನ್ನೇ ಹಿಡಿಯೋಣ: ಎಕರೆಗೆ ಸುಮಾರು 60 ಲಕ್ಷ ಲೀಟರ್. ವರ್ಷಕ್ಕೆ 550 ಮಿಲಿಮೀಟರ್ ಮಳೆ ಬಿದ್ದು, ಅದರ ಒಂದು ಹನಿಯೂ ಹರಿದು ಹೋಗದೆ ಕಬ್ಬಿಗೇ ದಕ್ಕಿತು ಅಂದುಕೊಂಡರೂ ಸುಮಾರು 38 ಲಕ್ಷ ಲೀಟರ್ ನೀರನ್ನು ನೀವು ಕರೆಂಟ್ ಖರ್ಚು ಮಾಡಿ ಮೇಲಕ್ಕೆ ಎತ್ತಬೇಕು.

ಈಗ ಗಿಡದ ಲೆಕ್ಕ. ಎಕರೆಗೆ 160 ಗಿಡ ಅನ್ನೋಣ. ಫೆಬ್ರುವರಿಯಿಂದ ಮೇ ತನಕ 16 ವಾರ, ವಾರಕ್ಕೆ ಗಿಡಕ್ಕೆ 10 ಲೀಟರ್. ಒಟ್ಟು 25,600 ಲೀಟರ್. ಅಂದರೆ 5,000 ಲೀಟರ್ ಟ್ಯಾಂಕರ್ ಆರು ಸಲ ಬಂದರೆ ಒಂದು ಬೇಸಿಗೆ ದಾಟಿತು. ಇದೂ ಮೊದಲ ಎರಡು-ಮೂರು ಬೇಸಿಗೆಗೆ ಮಾತ್ರ. ಆಮೇಲೆ ಬೇರು ಗರಸಿನ ಸಂದಿಗೆ ಇಳಿದ ಗಿಡ ತನ್ನ ನೀರು ತಾನೇ ಹುಡುಕಿಕೊಳ್ಳುತ್ತದೆ.

"ಹೊಳಿ ಐತಲ್ಲ, ನೀರಿಗೇನ ಕಡಿಮಿ?" ಅನ್ನುವವರಿಗೆ 2019 ನೆನಪಿರಲಿ. ಆ ವರ್ಷ ಮೇ ತಿಂಗಳಲ್ಲಿ ಕೃಷ್ಣಾ ಹೊಳೆ ಬತ್ತಿ, ಕೊಯ್ನಾದಿಂದ ನೀರು ಬಿಡಿ ಅಂತ ಮಹಾರಾಷ್ಟ್ರವನ್ನು ಕೇಳಬೇಕಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಅದೇ ಹೊಳೆ ಊರಿಗೆ ಊರನ್ನೇ ಮುಳುಗಿಸಿತು. ಇಂಥ ಹೊಳೆಯನ್ನು ನಂಬಿ ಎರಡು ಕಿಲೋಮೀಟರ್ ಪೈಪಿಗೆ ಸಾಲ ಮಾಡಿದರೆ ಕಂತು ಮಾತ್ರ ಬರಗಾಲ, ಪ್ರವಾಹ ಯಾವುದನ್ನೂ ನೋಡುವುದಿಲ್ಲ.

ಮೇಲೆ ಬಿಟ್ಟ ನೀರು, ಕೆಳಗೆ ಸವಳು

ಮಡ್ಡಿ ಕಬ್ಬಿನ ಖರ್ಚು ಮಡ್ಡಿಯಲ್ಲೇ ಮುಗಿಯುವುದಿಲ್ಲ. ಗರಸಿನಲ್ಲಿ ನೀರು ನಿಲ್ಲದು. ಮೇಲೆ ಬಿಟ್ಟ ನೀರು ಬಸಿದು ಕೆಳಗಿನ ಎರಿ ಹೊಲಕ್ಕೆ ಬರುತ್ತದೆ. ಎರಿ ಮಣ್ಣು ನೀರು ಬೇಗ ಬಿಡುವುದಿಲ್ಲ. ನೆಲದೊಳಗಿನ ನೀರು ಮೇಲೇರುತ್ತ ಉಪ್ಪನ್ನೂ ತರುತ್ತದೆ. ನೀರು ಬಿಸಿಲಿಗೆ ಆರಿ ಹೋಗುತ್ತದೆ, ಉಪ್ಪು ಅಲ್ಲೇ ಬಿಳಿಯಾಗಿ ಉಳಿಯುತ್ತದೆ. ಕೃಷ್ಣಾ ದಂಡೆಯ ಸವಳು-ಜವಳು ಹೊಲಗಳಿಗೆ ಕಾಲುವೆ ಸೋರಿಕೆ, ಹರಿಬಿಟ್ಟ ನೀರು, ಬಸಿಗಾಲುವೆ ಇಲ್ಲದಿರುವುದು ಎಲ್ಲಾ ಸೇರಿ ಕಾರಣ. ಮಡ್ಡಿಗೂ ಕಬ್ಬು ಏರಿದರೆ ಆ ಪಟ್ಟಿಗೆ ಇನ್ನೊಂದು ಸೇರಿದಂತೆ. ಅಣ್ಣ ಮೇಲೆ ನೀರು ಬಿಟ್ಟರೆ ತಮ್ಮನ ಹೊಲ ಸವಳಾಗುತ್ತದೆ.

ಮರದ ಕೆಲಸ ಇದಕ್ಕೆ ಉಲ್ಟಾ. ಮೇಲೆ ಬಿದ್ದ ಮಳೆಯನ್ನು ಅಲ್ಲೇ ತಡೆದು, ಅಲ್ಲೇ ಕುಡಿದು, ಎಲೆ ಉದುರಿಸಿ ಮಣ್ಣು ಕಟ್ಟುತ್ತದೆ.

ಒಂದು ಎಕರೆ ಹೇಗೆ ಮಾಡಬೇಕು?

ಗಿಡ ತರುವುದಕ್ಕಿಂತ ಮೊದಲು ನೀರು ನಿಲ್ಲಿಸ್ರಿ. ಮೂರು ಕೋಲನ್ನು ಇಂಗ್ಲಿಷ್ 'ಎ' ಅಕ್ಷರದ ಹಾಗೆ ಕಟ್ಟಿ, ನಡುವೆ ದಾರಕ್ಕೆ ಕಲ್ಲು ತೂಗಿ ಬಿಟ್ಟರೆ ಸಮಪಾತಳಿ ಗುರುತಿಸುವ ಸಾಧನ ತಯಾರು. ಆ ಗೆರೆಯ ಮೇಲೆ 4 ಮೀಟರ್ ಉದ್ದ, ಅರ್ಧ ಮೀಟರ್ ಅಗಲ, ಅರ್ಧ ಮೀಟರ್ ಆಳದ ಟ್ರೆಂಚ್ ತೆಗೆದರೆ ಒಂದರಲ್ಲಿ 1,000 ಲೀಟರ್ ನೀರು ನಿಲ್ಲುತ್ತದೆ. ಎಕರೆಗೆ 40 ಟ್ರೆಂಚ್ ಅಂದರೆ ಒಂದು ಸಲ ತುಂಬಿದರೆ 40,000 ಲೀಟರ್. ಮೇಲಿನ ಟ್ಯಾಂಕರ್ ಲೆಕ್ಕದ ಜೊತೆ ಹೋಲಿಸಿ ನೋಡ್ರಿ.

ಆಮೇಲೆ ಇರುವ ಬೊಡ್ಡೆಗಳನ್ನು ನೋಡ್ರಿ. ಸತ್ತಂತೆ ಕಾಣುವ ಬೇವು, ಬನ್ನಿ, ಸೀತಾಫಲದ ಬೊಡ್ಡೆ ಪ್ರತಿ ಮಳೆಗಾಲ ಹತ್ತಾರು ಚಿಗುರು ಒಡೆಯುತ್ತದೆ. ನಾವು ಅದನ್ನು ಕಸ ಅಂತ ಜೆಸಿಬಿ ಹಚ್ಚುತ್ತೇವೆ. ಹಾಗೆ ಮಾಡದೆ ನೇರವಾದ ಒಂದೆರಡು ಚಿಗುರು ಉಳಿಸಿ ಮಿಕ್ಕಿದ್ದು ಸವರಿದರೆ, ನೆಲದೊಳಗೆ ಆಗಲೇ ಬೇರು ಬಿಟ್ಟಿರುವ ಮರ ಪುಕ್ಕಟೆ ಸಿಗುತ್ತದೆ. ಆಫ್ರಿಕಾದ ನೈಜರ್ ದೇಶದಲ್ಲಿ ನಮಗಿಂತ ಕಡಿಮೆ ಮಳೆ ಬೀಳುವ ಕಡೆ ರೈತರು ಮಾಡಿದ್ದು ಇದನ್ನೇ. 1980ರ ದಶಕದಲ್ಲಿ ಟೋನಿ ರಿನಾಡೊ ಎಂಬ ಆಸ್ಟ್ರೇಲಿಯಾದ ಕೃಷಿ ತಜ್ಞ ಅಲ್ಲಿ ಇದನ್ನು ಶುರು ಮಾಡಿಸಿದರು. ಮುಂದೆ ರೈತರಿಂದ ರೈತರಿಗೆ ಹಬ್ಬಿ ಸುಮಾರು 50 ಲಕ್ಷ ಹೆಕ್ಟೇರ್ ಹೊಲದಲ್ಲಿ ಮರ ಎದ್ದವು.

ಹೊಸದಾಗಿ ಹಚ್ಚುವುದಕ್ಕೆ ನಾನು ಹೇಳುವ ಲೆಕ್ಕ ಇದು:

• 10 ಮೀಟರ್ ಅಂತರದಲ್ಲಿ ಕಸಿ ಮಾವು ಮತ್ತು ಹುಣಸೆ, ಎಕರೆಗೆ ಸುಮಾರು 40. ಕಲ್ಲು ಹೆಚ್ಚಿದ್ದ ಕಡೆ ಹುಣಸೆ, ಮಣ್ಣು ಸ್ವಲ್ಪ ಆಳ ಇದ್ದ ಕಡೆ ಮಾವು. ಹುಣಸೆಯಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡಿಟಿಎಸ್-1 ತಳಿ ಇದೆ.

• ಎರಡು ದೊಡ್ಡ ಗಿಡಗಳ ನಡುವೆ ಒಂದು ಸೀತಾಫಲ, ಬಾರಿ ಅಥವಾ ನುಗ್ಗೆ. ಇವೂ ಸುಮಾರು 40.

• ಸುತ್ತ ಒಡ್ಡಿನ ಮೇಲೆ 3 ಮೀಟರಿಗೊಂದರಂತೆ ಸಾಗವಾನಿ, ಬೇವು, ಹೊಂಗೆ. ಸುಮಾರು 80. ಅವುಗಳ ನಡುವೆ ಗ್ಲಿರಿಸೀಡಿಯಾ ಕಡ್ಡಿ ಊರ್ರಿ. ಇದು ಗಾಳಿಯ ಸಾರಜನಕ ಹಿಡಿಯುತ್ತದೆ. ವರ್ಷಕ್ಕೆ ಎರಡು-ಮೂರು ಸಲ ಸವರಿ ಮಾವಿನ ಬುಡಕ್ಕೆ ಹಾಕಿದರೆ ಅದೇ ಗೊಬ್ಬರ, ಅದೇ ಮುಚ್ಚಿಗೆ.

• ಸಾಲುಗಳ ನಡುವಿನ ಜಾಗದಲ್ಲಿ ಮೊದಲಿನಂತೆಯೇ ತೊಗರಿ, ಸಜ್ಜೆ, ಹುರಳಿ, ಶೇಂಗಾ. ಗಿಡದ ಬುಡ ಬಿಟ್ಟು ಬಿತ್ತುವುದು.

ಇದು ಹೊಸದೇನಲ್ಲ. ಬೈಫ್ ಸಂಸ್ಥೆ 1982ರಲ್ಲಿ ಗುಜರಾತಿನ ವಾಂಸ್ದಾದಲ್ಲಿ ಆದಿವಾಸಿಗಳ ಬಡ ಭೂಮಿಯಲ್ಲಿ ನಡುವೆ ಹಣ್ಣಿನ ಗಿಡ, ಸುತ್ತ ಕಾಡು ಮರ ಇರುವ 'ವಾಡಿ' ಪದ್ಧತಿ ಶುರು ಮಾಡಿತು. ಆಮೇಲೆ ನಮ್ಮ ಧಾರವಾಡ ಜಿಲ್ಲೆ ಕಲಘಟಗಿ ತಾಲ್ಲೂಕಿನ ಸೂರಶೆಟ್ಟಿಕೊಪ್ಪದಲ್ಲಿ ಕೃಷಿ ಹೊಂಡದ ಜೊತೆ ಇದನ್ನು ಮಾಡಿ ತೋರಿಸಿತು. ಅಲ್ಲಿ ಮಳೆ ಅಥಣಿಗಿಂತ ಹೆಚ್ಚು, ಹಾಗಾಗಿ ಅಲ್ಲಿಯ ಗಿಡದ ಪಟ್ಟಿ ತಂದು ತೆಲಸಂಗದಲ್ಲಿ ಹಚ್ಚಬ್ಯಾಡ್ರಿ. ಅವರಿಂದ ಕಲಿಯಬೇಕಾದದ್ದು ಒಂದೇ: ಮೊದಲು ನೀರು ಹಿಡಿಯೋದು, ಆಮೇಲೆ ಗಿಡ.

"ಅದೆಲ್ಲಾ ಖರೇ, ಆದ್ರ ರೊಕ್ಕ ಯಾವಾಗ?"

ಇದು ನ್ಯಾಯವಾದ ಪ್ರಶ್ನೆ, ಸುಳ್ಳು ಹೇಳಬಾರದು. ಮೊದಲ ಮೂರು ವರ್ಷ ಗಿಡದಿಂದ ಮನೆ ನಡೆಯುವುದಿಲ್ಲ. ಆ ವರ್ಷಗಳಲ್ಲಿ ದುಡಿಯುವುದು ನಡುವಿನ ತೊಗರಿ, ಸಜ್ಜೆ ಮತ್ತು ಒಡ್ಡಿನ ಮೇವು ತಿನ್ನುವ ನಾಲ್ಕು ಆಡು. ನುಗ್ಗೆ ವರ್ಷದೊಳಗೆ ಕಾಯಿ ಬಿಡುತ್ತದೆ. ಸೀತಾಫಲ, ಬಾರಿ ಮೂರು-ನಾಲ್ಕು ವರ್ಷಕ್ಕೆ, ಕಸಿ ಮಾವು ಐದಾರು ವರ್ಷಕ್ಕೆ ಕೈಗೆ ಹತ್ತುತ್ತವೆ. ಹುಣಸೆ ಇನ್ನೂ ನಿಧಾನ. ಸಾಗವಾನಿ ಅಂದರೆ ಮಗಳ ಮದುವೆ ಅಥವಾ ಮಗನ ಕಾಲೇಜಿನ ಲೆಕ್ಕ, ಇಪ್ಪತ್ತು ವರ್ಷದ ಮೇಲಿನ ಮಾತು.

ಅದಕ್ಕೇ ಇದ್ದ ಹೊಲಕ್ಕೆಲ್ಲಾ ಗಿಡ ಹಚ್ರಿ ಅಂತ ನಾನು ಹೇಳುವುದಿಲ್ಲ. ಹೊಳೆ ದಂಡೆ ಅರ್ಧ ಎಕರೆ ಇದ್ದರೆ ಅಲ್ಲಿ ಬೇಕಾದ್ದು ಬೆಳೀರಿ. ಮಾತು ಮಡ್ಡಿಯದು ಮಾತ್ರ. ಅಲ್ಲಿ ಈಗ ನಿಮಗೆ ಸಿಗುತ್ತಿರುವುದು ಎಷ್ಟು ಅಂತ ಬೀಜ, ಗಳೆ, ಕೂಲಿ ಕಳೆದು ಬರೆದು ನೋಡ್ರಿ. ಎಷ್ಟೋ ಮಡ್ಡಿಯಲ್ಲಿ ಉತ್ತರ ಸೊನ್ನೆ ಹತ್ತಿರ ಇರುತ್ತದೆ. ಸೊನ್ನೆ ಬರುವ ಹೊಲ ಮೂರು ವರ್ಷ ಕಾಯುವುದರಲ್ಲಿ ನಷ್ಟ ಕಡಿಮೆ.

ಒಂದೇ ಬೆಳೆ, ಒಂದೇ ಖರೀದಿದಾರ ಅನ್ನುವುದು ಏನು ಮಾಡುತ್ತದೆ ಅಂತ ನಮ್ಮ ಭಾಗಕ್ಕೆ ಯಾರೂ ಕಲಿಸಬೇಕಿಲ್ಲ. 1981ರಲ್ಲಿ ತಂಬಾಕಿನ ದರಕ್ಕಾಗಿ ನಿಪ್ಪಾಣಿ ರೈತರು ಹೆದ್ದಾರಿ ತಡೆದು ಕುಳಿತರು, ಗೋಲಿಬಾರ್ ಆಯಿತು. 2025ರ ನವೆಂಬರ್‌ನಲ್ಲಿ ಕಬ್ಬಿನ ದರಕ್ಕಾಗಿ ಗುರ್ಲಾಪುರ ಕ್ರಾಸ್‌ನಲ್ಲಿ ಹಗಲು-ರಾತ್ರಿ ಕುಳಿತವರು ನಾವೇ. ಮಾವು, ಹುಣಸೆ, ತೊಗರಿ, ಆಡು ನಾಲ್ಕನ್ನೂ ಒಂದೇ ದಿನ ಒಬ್ಬನೇ ವ್ಯಾಪಾರಿ ದರ ಇಳಿಸಿ ಕೆಡವಲಾರ.

ಆದರೆ ಮಾರುವುದಕ್ಕೂ ತಲೆ ಬೇಕು. ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರ ಹೊಲದಲ್ಲಿ ನೀರಿನ ಕೊರತೆಗೆ ಬೇರೆ ಹಣ್ಣಿನ ಗಿಡ ಒಣಗಿದಾಗ ತಡೆದು ನಿಂತದ್ದು ಹುಣಸೆ. ಹುಣಸೆ ಬಂದ ಮೇಲೆ ಬೀಜ ಬಿಡಿಸುವುದೇ ದೊಡ್ಡ ಕೆಲಸವಾಯಿತು, ಅದಕ್ಕೂ ಅವರೇ ಯಂತ್ರ ಮಾಡಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಊರಿನ ಹತ್ತು ಹುಡುಗರು ಒಂದೇ ಜಾತಿಯ ಹುಣಸೆ, ಸೀತಾಫಲ ಹಚ್ಚಿದರೆ ಒಂದು ಗಾಡಿ ತುಂಬುತ್ತದೆ. ಮಿರಜ್, ಸಾಂಗ್ಲಿ, ಕೊಲ್ಹಾಪುರ ನಮಗೆ ದೂರವೇನಲ್ಲ.

ಕೋಟಿ ತೋರಿಸುವ ವಿಡಿಯೊಗಳು

ಮೊಬೈಲ್ ತೆರೆದರೆ ಸಾಕು, "ಎಕರೆಗೆ ಕೋಟಿ" ಅನ್ನುವ ಶ್ರೀಗಂಧ, ಮಹಾಗನಿ, ಅಗರ್‌ವುಡ್ ವಿಡಿಯೊ. ನನ್ನ ಕಣ್ಣಿಗೆ ಇದು ಕೃಷಿ ಅರಣ್ಯವೇ ಅಲ್ಲ. ಒಂದೇ ಮರ, ಒಂದೇ ಕನಸು. ಕಬ್ಬಿನ ಗುಣವೇ ಇನ್ನೊಂದು ವೇಷದಲ್ಲಿ ಬಂದಂತೆ. ಶ್ರೀಗಂಧ ಹಚ್ಚುವುದು ತಪ್ಪಲ್ಲ. 2001ರ ಕಾನೂನು ತಿದ್ದುಪಡಿಯ ನಂತರ ನಿಮ್ಮ ಹೊಲದ ಗಂಧದ ಮರಕ್ಕೆ ನೀವೇ ಮಾಲೀಕರು. ಆದರೆ ಅದು ಬೇರೆ ಗಿಡದ ಬೇರಿಗೆ ಬಾಯಿ ಹಚ್ಚಿ ಬದುಕುವ ಮರ, ಪಕ್ಕದಲ್ಲಿ ತೊಗರಿ, ಹೊಂಗೆಯಂಥ ಆಸರೆ ಬೇಕೇ ಬೇಕು. ಮರ ಬಲಿತ ಮೇಲೆ ಕಳ್ಳರ ಕಾಟ ಬೇರೆ. ಊರಿಂದ ದೂರದ ಮಡ್ಡಿಯಲ್ಲಿ ರಾತ್ರಿ ಕಾಯುವವರು ಯಾರು? ಒಡ್ಡಿನಲ್ಲಿ ನಾಲ್ಕು ಇರಲಿ, ಎಕರೆ ತುಂಬಾ ಬೇಡ. ಹೆಬ್ಬೇವು ನೀರು, ಆಳದ ಮಣ್ಣು ಇದ್ದಲ್ಲಿ ದಪ್ಪವಾಗುತ್ತದೆ. ಒಣ ಗರಸಿನಲ್ಲಿ ಪ್ಲೈವುಡ್‌ನವರು ಕೇಳುವ ಗಾತ್ರಕ್ಕೆ ಬರುವುದು ಕಷ್ಟ. ನೀಲಗಿರಿ ಮಾತೇ ಬೇಡ. ಅದನ್ನು ಹೊಸದಾಗಿ ಹಚ್ಚುವುದನ್ನು ರಾಜ್ಯ ಸರ್ಕಾರವೇ 2017ರಲ್ಲಿ ನಿಲ್ಲಿಸಿದೆ.

ಸಸಿಯನ್ನು ಅರಣ್ಯ ಇಲಾಖೆ ನರ್ಸರಿಯಿಂದ ತಂದರೆ ಅಗ್ಗ. 2011-12ರಿಂದ ಇರುವ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಉಳಿದ ಸಸಿಗೆ ಹಣ ಕೊಡುತ್ತಾರೆ. ಮೊದಲು ಮೂರು ವರ್ಷಕ್ಕೆ ಸೇರಿ ಒಂದು ಸಸಿಗೆ 45 ರೂಪಾಯಿ ಇತ್ತು. ಆಮೇಲೆ 35, 40, 50 ಅಂತ ಒಟ್ಟು 125 ರೂಪಾಯಿಗೆ ಏರಿಸಿದರು. ಈ ಯೋಜನೆಯಲ್ಲಿ ನನಗೆ ಹಿಡಿಸಿದ್ದು ಒಂದು ಮಾತು: ಎಷ್ಟು ಹಚ್ಚಿದಿರಿ ಅಂತ ಅಲ್ಲ, ಎಷ್ಟು ಉಳಿದವು ಅಂತ ಕೇಳುತ್ತದೆ. ಪರಿಸರ ದಿನದ ಫೋಟೊಕ್ಕೆ ಹಚ್ಚಿದ ಗಿಡ ದೀಪಾವಳಿಗೆ ಎಲ್ಲಿರುತ್ತದೆ ಅಂತ ಎಲ್ಲರಿಗೂ ಗೊತ್ತು.

ಕಡಿಯುವ ದಿನದ ಬಗ್ಗೆ ಹಚ್ಚುವ ದಿನವೇ ಯೋಚಿಸ್ರಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಹಲವು ಮರಗಳನ್ನು ಸ್ವಂತ ಹೊಲದಲ್ಲಿ ಕಡಿಯಲಿಕ್ಕೂ ಪರವಾನಗಿ ಬೇಕು. ಕೆಲವು ಜಾತಿಗೆ ವಿನಾಯಿತಿ ಇದೆ. ಆ ಪಟ್ಟಿಯನ್ನು ನಿಮ್ಮ ವಲಯ ಅರಣ್ಯ ಕಚೇರಿಯಲ್ಲಿ ನೋಡಿಯೇ ಒಡ್ಡಿನ ಮರ ಆರಿಸ್ರಿ, ಹಚ್ಚಿದ ಮರಗಳನ್ನು ಪಹಣಿಯಲ್ಲಿ ಏರಿಸಿಕೊಳ್ರಿ. ಭಾರತ 2014ರಲ್ಲಿ ರಾಷ್ಟ್ರೀಯ ಕೃಷಿ ಅರಣ್ಯ ನೀತಿ ತಂದಿತು, ಜಗತ್ತಿನಲ್ಲೇ ಅಂಥ ನೀತಿ ತಂದ ಮೊದಲ ದೇಶ ನಮ್ಮದು. ಬೆಳೆಸಿದವನಿಗೆ ಕಡಿದು ಮಾರುವ ದಾರಿ ಸರಳವಾಗಬೇಕು ಅನ್ನುವುದು ಆ ನೀತಿಯ ಮುಖ್ಯ ಮಾತು. ಅದು ತಾಲ್ಲೂಕು ಕಚೇರಿಯ ಮೇಜಿನ ತನಕ ಪೂರ್ತಿ ಇಳಿಯಬೇಕು ಅಂತ ಕೇಳುವ ಹಕ್ಕು ನಮಗಿದೆ.

ಕುರಿ, ಗಾಯರಾಣ, ಉತಾರ

ಗಿಡ ಸಾಯುವುದು ಬಿಸಿಲಿಗಿಂತ ಹೆಚ್ಚಾಗಿ ಬಾಯಿಯಿಂದ. ಹಿಂಗಾರಿ ಪೀಕು ತೆಗೆದ ಮೇಲೆ ಹೊಲ ಎಲ್ಲರದೂ ಅನ್ನುವುದು ನಮ್ಮ ಕಡೆಯ ಪದ್ಧತಿ. ಕುರುಬರ ಜೊತೆ ಜಗಳ ತೆಗೆಯಬ್ಯಾಡ್ರಿ, ಅವರ ಕುರಿ ನಮಗೆ ಗೊಬ್ಬರವೂ ಹೌದು. "ಕಾಕಾ, ಮೂರು ವರ್ಷ ಈ ಎಕರೆ ಬಿಡ್ರಿ, ಆಮ್ಯಾಲೆ ಕುರಿ ನೀವೇ ತರುಬ್ರಿ" ಅಂತ ಕೇಳಿದರೆ ಇಲ್ಲ ಅನ್ನುವವರು ಕಡಿಮೆ. ಜೊತೆಗೆ ಕತ್ತಾಳೆ, ಕಳ್ಳಿ, ಗ್ಲಿರಿಸೀಡಿಯಾದ ಜೀವಂತ ಬೇಲಿ ಇರಲಿ. ಗಾಯರಾಣ ಮತ್ತು ಅರಣ್ಯ ಇಲಾಖೆಯ ಭೂಮಿಗೆ ಮಾತ್ರ ಕೈ ಹಚ್ಚಬ್ಯಾಡ್ರಿ. ಹೊಲ ಇಲ್ಲದವರ ಆಡು-ಕುರಿಗೆ ಉಳಿದಿರುವುದು ಅಷ್ಟೇ ಹುಲ್ಲು. ನಿಮ್ಮ ಗಿಡದ ನೆಪದಲ್ಲಿ ಅದು ಹೋಗಬಾರದು.

ಕೊನೆಯದು, ಯಾರೂ ಬಾಯಿ ಬಿಟ್ಟು ಹೇಳದ ತೊಡಕು. ಗಿಡ ಹಚ್ಚುವವನು ಮಗ, ಉತಾರ ಅಪ್ಪನ ಹೆಸರಿನಲ್ಲಿ. ಕಬ್ಬು ವರ್ಷದ ಬೆಳೆ, ನಾಳೆ ಪಾಲಾದರೂ ಲೆಕ್ಕ ಮುಗಿಯುತ್ತದೆ. ಮಾವು ಮೂವತ್ತು ವರ್ಷದ್ದು. "ನಾನು ನೀರು ಹೊತ್ತು ಬೆಳೆಸಿದ ಗಿಡ ಅಣ್ಣನ ಪಾಲಿಗೆ ಹೋದರೆ?" ಅನ್ನುವ ಅಂಜಿಕೆಗೇ ಎಷ್ಟೋ ಮಡ್ಡಿಗಳು ಬೋಳಾಗಿ ನಿಂತಿವೆ. ಅದಕ್ಕೆ ನನ್ನ ಸಲಹೆ: ಗುಂಡಿ ತೆಗೆಯುವ ಮೊದಲೇ ಮನೆಯವರೆಲ್ಲಾ ಕೂಡ್ರಿ. ಅವ್ವ, ಅಕ್ಕ-ತಂಗಿಯರೂ ಇರಲಿ, ಕಾನೂನಿನಲ್ಲಿ ಅವರಿಗೂ ಪಾಲಿದೆ. ನಾಳೆ ಹೊಲ ಹೇಗೆ ಒಡೆದರೂ ಪ್ರತಿ ಪಾಲಿಗೂ ಮಾವು, ಹುಣಸೆ, ಒಡ್ಡಿನ ಮರ ಸಮನಾಗಿ ಬರುವಂತೆ ಸಾಲು ಹಾಕ್ರಿ. ಯಾರು ಎಷ್ಟು ಖರ್ಚು ಹಾಕಿದರು, ಫಲ ಹೇಗೆ ಹಂಚುವುದು ಅಂತ ಕಾಗದದ ಮೇಲೆ ಬರೆದು ಎಲ್ಲರೂ ಸಹಿ ಮಾಡ್ರಿ. ನಮ್ಮ ಮನೆಯಲ್ಲಿ ಎರಡು ಎಕರೆಗೆ ಹೀಗೆ ಬರೆದಿಟ್ಟ ಒಂದು ಹಾಳೆ ಇದೆ. ಬೇಲಿಗಿಂತ ಅದೇ ಗಟ್ಟಿ ಅಂತ ನನಗೆ ಅನಿಸುತ್ತದೆ.

ಈ ಮುಂಗಾರಿಗೆ ಅರ್ಧ ಎಕರೆಯಿಂದ ಶುರು ಮಾಡ್ರಿ. ಏಪ್ರಿಲ್-ಮೇ ಒಳಗೆ ಟ್ರೆಂಚ್, ಗುಂಡಿ ಮುಗಿಯಲಿ. ಒಂದೆರಡು ಹದ ಮಳೆ ಆದ ಮೇಲೆ ತಿಪ್ಪೆ ಗೊಬ್ಬರ, ಬೇವಿನ ಹಿಂಡಿ ಹಾಕಿ ಸಸಿ ಹಚ್ರಿ. ಪ್ರತಿ ಸಾಲಿನ ಫೋಟೊ ಮೊಬೈಲಿನಲ್ಲಿ ಇಟ್ಟುಕೊಂಡು, ಬರುವ ವರ್ಷ ಜೂನ್‌ನಲ್ಲಿ ಅದೇ ಜಾಗದಲ್ಲಿ ನಿಂತು ಮತ್ತೆ ಫೋಟೊ ತೆಗೀರಿ. ನೂರರಲ್ಲಿ ಎಷ್ಟು ಉಳಿದವು ಅಂತ ಎಣಿಸ್ರಿ, ಸತ್ತ ಜಾಗಕ್ಕೆ ಮತ್ತೆ ಹಚ್ರಿ. ಪೈಪ್‌ಲೈನ್ ಸಾಲದ ಅರ್ಜಿಗೆ ಸಹಿ ಹಾಕುವುದಿದ್ದರೆ, ಆ ಎಣಿಕೆ ಮುಗಿಯುವ ತನಕ ಒಂದು ವರ್ಷ ತಡೀರಿ.